ಊದಬೇಡಿ, ಎಳೆದುಕೊಳ್ಳಿ

ಕಳೆದ ವರ್ಷ ದಿಂಡಿಗಲ್ಲಿನ ಒಂದು ಆಸ್ಪತ್ರೆಯ ಅಣು ವೈದ್ಯಕೀಯ ವಿಭಾಗದಿಂದ ಹೊರಬರುವಾಗ ಎದೆಯ ಮೇಲಿನ ಬ್ಯಾಡ್ಜನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ನಮ್ಮ ಮೈಗೆ ಎಷ್ಟು ವಿಕಿರಣ ತಗುಲಿತೆಂದು ಅಳೆಯುವ ಬ್ಯಾಡ್ಜು ಅದು. ಕೆಲಸ ಬಿಡುವವರು ಹಿಂದಿರುಗಿಸಬೇಕು. ಬಸ್ಸು ಹತ್ತಿದ ಮೇಲೂ ಕೈ ಅಭ್ಯಾಸಬಲದಿಂದ ಅದನ್ನೇ ಹುಡುಕುತ್ತಿತ್ತು.

ನಿವೃತ್ತಿ ಎನ್ನುವ ವಯಸ್ಸು ನನ್ನದಲ್ಲ. ಆದರೆ ಕ್ಯಾಮೆರಾ ಕೋಣೆಯ ಕೆಲಸ ಮುಗಿಯಿತು. ಈಗ ಅದೇ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಅವರು ಯಂತ್ರದ ಬಗ್ಗೆ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ. ಯಂತ್ರದ ಕೆಳಗೆ ಮಲಗುವವರ ಬಗ್ಗೆ ಅಷ್ಟಾಗಿ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಆದ್ದರಿಂದ ಶ್ವಾಸಕೋಶದ ಸ್ಕ್ಯಾನ್ ಒಂದನ್ನೇ ಇಟ್ಟುಕೊಂಡು, ನನಗೆ ನೆನಪಿರುವಷ್ಟನ್ನು ಬರೆಯುತ್ತೇನೆ.

ಮೊದಲಿಗೆ, ಅದು ಏನೆಂಬುದು. ಈ ಪರೀಕ್ಷೆಯಲ್ಲಿ ಎರಡು ಚಿತ್ರಗಳು. ಒಂದು ಗಾಳಿಯದು: ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಅತ್ಯಲ್ಪ ವಿಕಿರಣವಿರುವ ಮಂಜಿನಂಥ ಔಷಧಿಯನ್ನು ಉಸಿರಿನೊಂದಿಗೆ ಎಳೆದುಕೊಳ್ಳಲು ಹೇಳುತ್ತೇವೆ. ಇನ್ನೊಂದು ರಕ್ತದ್ದು: ತೋಳಿನ ನರಕ್ಕೆ ಒಂದು ಚುಚ್ಚುಮದ್ದು. ಆಮೇಲೆ ರೋಗಿ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗಿರುತ್ತಾರೆ, ಕ್ಯಾಮೆರಾ ಎದೆಯ ಹತ್ತಿರಕ್ಕೆ ಬಂದು ನಿಧಾನವಾಗಿ ಸುತ್ತುತ್ತದೆ. ಮೈಗೆ ತಾಗುವುದಿಲ್ಲ. ನೋವೆಂದರೆ ಸೂಜಿಯದು ಮಾತ್ರ. ಗಾಳಿ ಹೋದ ಕಡೆ ರಕ್ತವೂ ಹೋಗಿದೆಯೇ ಎಂದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಗಾಳಿ ಹೋಗಿ ರಕ್ತ ಹೋಗದ ಜಾಗವಿದ್ದರೆ, ಅಲ್ಲಿ ರಕ್ತದ ಹೆಪ್ಪು ದಾರಿಗೆ ಅಡ್ಡ ಕೂತಿದೆಯೆಂದು ಅನುಮಾನ. ಎರಡೂ ಹೋಗದ ಜಾಗವಾದರೆ ಸಾಮಾನ್ಯವಾಗಿ ಶ್ವಾಸಕೋಶದ ಹಳೆಯ ಕಾಯಿಲೆ.

ಈಗ ಹೆಚ್ಚಿನವರಿಗೆ ಬಣ್ಣದ ಔಷಧಿ ಕೊಟ್ಟು ಸಿ.ಟಿ. ತೆಗೆದುಬಿಡುತ್ತಾರೆ. ನಮ್ಮ ಕಡೆಗೆ ಬರುವವರು ಆ ಬಣ್ಣವನ್ನು ತಾಳಲಾರದವರು: ಮೂತ್ರಪಿಂಡ ಸೋತವರು, ಅಲರ್ಜಿ ಇರುವವರು, ಇಲ್ಲವೇ ಬೇರೆ ಕಾರಣಕ್ಕೆ ಸಿ.ಟಿ. ಬೇಡವೆನಿಸಿದ ಗರ್ಭಿಣಿಯರು. ಬಸಿರಿದ್ದರೆ, ಎದೆಹಾಲು ಕೊಡುತ್ತಿದ್ದರೆ ಮೊದಲೇ ಹೇಳಬೇಕು. ಔಷಧಿಯ ಪ್ರಮಾಣ, ಆಮೇಲಿನ ಎಚ್ಚರಿಕೆ ಎರಡೂ ಬದಲಾಗುತ್ತವೆ.

ಉಪವಾಸ ಬೇಡ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದೆವು. ಆದರೂ ಗೂಡಲೂರಿನ ಒಬ್ಬ ಲಾರಿ ಚಾಲಕರು ಹಿಂದಿನ ದಿನದಿಂದ ನೀರನ್ನೂ ಮುಟ್ಟದೆ ಬಂದಿದ್ದರು. ಕುಮಳಿ ಘಾಟಿಯ ತಿರುವುಗಳಲ್ಲಿ ಹೆದರದ ಮನುಷ್ಯ ನಮ್ಮ ಕುರ್ಚಿಯಲ್ಲಿ ಕೂತ ಕೂಡಲೇ ಬೆವತು ವಾಲಿದರು. ಎದುರು ಬೀದಿಯ ಬಿರಿಯಾನಿ ಅಂಗಡಿಯ ವಾಸನೆ ಕಿಟಕಿಯಿಂದ ಬರುತ್ತಿತ್ತು. ತಿನ್ನಬಹುದಿತ್ತೆಂದು ತಿಳಿದಾಗ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಇನ್ನೊಬ್ಬರು ಬೋಡಿನಾಯಕನೂರಿನ, ಅಂದರೆ ನಮ್ಮ ಬೋಡಿಯ, ಏಲಕ್ಕಿ ವ್ಯಾಪಾರಿ. ಸ್ಕ್ಯಾನ್ ಮುಗಿಸಿಕೊಂಡು, ಮನೆಯವರಿಗೆ ವಿಕಿರಣ ತಗುಲೀತೆಂದು ಹೆದರಿ ಮನೆಗೆ ಹೋಗದೆ ನೇರವಾಗಿ ತಮ್ಮ ಗೋದಾಮಿಗೆ ಹೋಗಿ ಮೂಟೆಗಳ ನಡುವೆ ಚಾಪೆ ಹಾಸಿಕೊಂಡಿದ್ದರಂತೆ. ಅವರ ಹೆಂಡತಿ ನಮಗೆ ಫೋನ್ ಮಾಡಿದರು. "ಇವರನ್ನ ಯಾವಾಗ ಮನೆಗೆ ಸೇರಿಸಿಕೊಳ್ಳೋದು?" ಫೋನ್ ಹಿಡಿದಿದ್ದವರು ನಮ್ಮ ಹಿರಿಯ ತಂತ್ರಜ್ಞ ಅರುಳ್ ಸಾರ್. "ಇವತ್ತೇ ಸೇರಿಸಿಕೊಳ್ಳಬಹುದಮ್ಮಾ. ಇನ್ನೆರಡು ದಿನ ಅಲ್ಲೇ ಇರಲಿ ಅಂತ ನಿಮಗಿದ್ದರೆ ಅದೂ ನಿಮ್ಮಿಷ್ಟ." ಯೋಚಿಸಿ ಹೇಳುತ್ತೇನೆ ಅಂದರಂತೆ.

ಅರುಳ್ ಸಾರ್ ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಚಿತ್ರಗಳನ್ನು ಫಿಲ್ಮಿನ ಮೇಲೆ ತೆಗೆದು ಕತ್ತಲೆ ಕೋಣೆಯಲ್ಲಿ ತೊಳೆಯುತ್ತಿದ್ದರು. ರೋಗಿಯನ್ನು ಅತ್ತ ಇತ್ತ ಹೊರಳಿಸಿ ಒಂದೊಂದು ಮಗ್ಗುಲಿನದೂ ಬೇರೆ ಬೇರೆ ಚಿತ್ರ. ಈಗ ಕ್ಯಾಮೆರಾವೇ ಸುತ್ತುತ್ತದೆ. "ಮೊದಲು ರೋಗಿ ಸುತ್ತುತ್ತಿದ್ದ, ಈಗ ಯಂತ್ರ ಸುತ್ತುತ್ತದೆ, ನನ್ನ ತಲೆ ಮಾತ್ರ ಆಗಲೂ ಸುತ್ತುತ್ತಿತ್ತು, ಈಗಲೂ" ಅನ್ನುವರು. ವಾರಕ್ಕೊಮ್ಮೆ ಸೀಸದ ಕವಚದ ಪೆಟ್ಟಿಗೆಯೊಂದು ಬರುತ್ತದೆ. ಅದರಿಂದ ದಿನಾ ಬೆಳಿಗ್ಗೆ ನಮಗೆ ಬೇಕಾದ ವಿಕಿರಣದ ದ್ರವವನ್ನು ತೆಗೆಯುತ್ತೇವೆ. ನಮ್ಮ ವೃತ್ತಿಯಲ್ಲಿ ಅದಕ್ಕೆ ಹಾಲು ಕರೆಯುವುದು ಎಂದೇ ಹೆಸರು. ವಾರದ ಕೊನೆಗೆ ಇಳುವರಿ ಇಳಿಯುತ್ತದೆ. ಅಂಥ ದಿನ ಅರುಳ್ ಸಾರ್ ಬಾಗಿಲಲ್ಲೇ ಹೇಳುತ್ತಿದ್ದರು: "ಹಸು ಬತ್ತಿದೆಯಮ್ಮಾ, ಚೆಲ್ಲಬೇಡ."

ಅವರು ನನಗೆ ಕಲಿಸಿದ ಮೊದಲ ಪಾಠ ಯಂತ್ರದ್ದಲ್ಲ. "ಮುಖದ ಮೇಲೆ ವರದಿ ಬರೆಯಬೇಡ" ಎಂದರು. ಪರದೆಯ ಮೇಲೆ ಚಿತ್ರ ಮೂಡುವಾಗ ರೋಗಿ ಚಿತ್ರವನ್ನು ನೋಡುವುದಿಲ್ಲ, ನಮ್ಮನ್ನು ನೋಡುತ್ತಾರೆ. ಹುಬ್ಬು ಗಂಟಿಕ್ಕಿದರೆ ಸತ್ತೇ ಹೋದೆವು ಅಂದುಕೊಳ್ಳುತ್ತಾರೆ, ನಕ್ಕರೆ ಗುಣವಾಯಿತು ಅಂದುಕೊಳ್ಳುತ್ತಾರೆ. ಫಲಿತಾಂಶ ಹೇಳುವುದು ವೈದ್ಯರ ಕೆಲಸ. ನನಗೆ ಈ ಪಾಠ ಸುಲಭವಾಗಿ ಹಿಡಿಸಿತು. ಸ್ವಭಾವತಃ ನನ್ನ ಮುಖ ಹೆಚ್ಚು ಮಾತಾಡುವಂಥದ್ದಲ್ಲ.

ಬೊಮ್ಮಕ್ಕಾಳ್ ಬಂದದ್ದು ಅಂಥ ಒಂದು ವಾರದ ಕೊನೆಯಲ್ಲಿ, ಹಸು ಬತ್ತಿದ ದಿನ.

ಓಡೈಪಟ್ಟಿಯ ದ್ರಾಕ್ಷಿ ತೋಟದವರು. ಚಪ್ಪರದ ಕೆಳಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಹಾಸಿಗೆ ಹಿಡಿದಿದ್ದರು. ಹಾಗೆ ಮಲಗಿದ್ದಾಗ ಒಂದು ಬೆಳಿಗ್ಗೆ ಉಸಿರು ಸಿಗದಂತಾಯಿತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿರಬಹುದು ಎಂದು ವಾರ್ಡಿನ ವೈದ್ಯರಿಗೆ ಅನುಮಾನ. ಹೆಪ್ಪಿದ್ದರೆ ರಕ್ತ ತೆಳುವಾಗಿಸುವ ಔಷಧಿಯನ್ನು ಆ ದಿನವೇ ಶುರುಮಾಡಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ. ಆದರೆ ಇವರಿಗೆ ಸ್ವಲ್ಪ ದಿನಗಳ ಹಿಂದಷ್ಟೇ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿತ್ತು. ಹೆಪ್ಪಿಲ್ಲದೆ ಆ ಔಷಧಿ ಕೊಟ್ಟರೆ ಅದೇ ಅಪಾಯ. ಊಹೆಯ ಮೇಲೆ ಕೊಡುವಂತಿಲ್ಲ, ಕೊಡದೆ ಇರುವಂತೆಯೂ ಇಲ್ಲ. ಮೂತ್ರಪಿಂಡ ಬಲವಾಗಿಲ್ಲದ್ದರಿಂದ ಬಣ್ಣದ ಸಿ.ಟಿ. ಆಗುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕಲೆಗಳಿದ್ದುದರಿಂದ ಬರೀ ರಕ್ತದ ಚಿತ್ರವೂ ಸಾಲದು, ಗಾಳಿಯ ಚಿತ್ರ ಬೇಕೇ ಬೇಕು.

ಚಕ್ರದ ಕುರ್ಚಿಯಲ್ಲಿ ಬಂದರು. ಜೊತೆಗೆ ಸೊಸೆ ಸೆಲ್ವಿ. ನಾನು ತಮಿಳಿನಲ್ಲಿ ಎಲ್ಲವನ್ನೂ ವಿವರಿಸಿದೆ. ಬೊಮ್ಮಕ್ಕಾಳ್ ತಲೆಯಾಡಿಸಿದರು. ಮೂಗಿಗೆ ಕ್ಲಿಪ್ಪು ಹಾಕಿ ಬಾಯಿಗೆ ಕೊಳವೆ ಕೊಟ್ಟೆ. ಅವರು ಕೆನ್ನೆ ಉಬ್ಬಿಸಿ ಜೋರಾಗಿ ಊದಿದರು.

ಪರದೆಯ ಮೇಲೆ ವಿಕಿರಣದ ಎಣಿಕೆ ಏರಬೇಕು. ಔಷಧಿ ಎದೆಯೊಳಗೆ ಸೇರಿದಂತೆ ಅದು ಏರುತ್ತದೆ. ಅಲ್ಲಾಡಲೇ ಇಲ್ಲ. "ಊದಬೇಡಿ ಪಾಟ್ಟಿ, ಎಳೆದುಕೊಳ್ಳಿ" ಎಂದೆ. ತಮಿಳಿನಲ್ಲಿ ಅಜ್ಜಿಯರನ್ನು ಹಾಗೆ ಕರೆಯುವುದು. ತಲೆಯಾಡಿಸಿದರು. ಮತ್ತೆ ಊದಿದರು.

ಅರುಳ್ ಸಾರ್ ಗಾಜಿನಾಚೆಯ ನಿಯಂತ್ರಣ ಕೋಣೆಯಿಂದ ಹೇಳಿದರು: "ಸೌದೆ ಒಲೆಯವರು. ಕೊಳವೆ ಕಂಡರೆ ಊದುತ್ತಾರೆ. ಎಳನೀರು ಕುಡಿಯೋ ಥರ ಅಂತ ಹೇಳು."

ಔಷಧಿಯ ಯಂತ್ರ ನಿಲ್ಲಿಸಿ, ಖಾಲಿ ಕೊಳವೆ ಕೊಟ್ಟು ಹಾಗೇ ಹೇಳಿದೆ. ಈ ಬಾರಿ ಎಳೆದರು, ಆದರೆ ಎಳೆದದ್ದನ್ನು ಗುಟುಕರಿಸಿ ನುಂಗಿದರು. ಅದೂ ಆಗದು. ನುಂಗಿದರೆ ಶ್ವಾಸಕೋಶದ ಬದಲು ಹೊಟ್ಟೆಯ ಚಿತ್ರ ಬರುತ್ತದೆ. ಎಳನೀರಿನ ಹೋಲಿಕೆಯನ್ನು ಯಾರೂ ಬಳಸಬೇಡಿ.

ಸ್ವಲ್ಪ ದಣಿವಾರಿಸಿಕೊಳ್ಳಲಿ ಎಂದು ಕ್ಲಿಪ್ಪು ತೆಗೆದೆ. ಸೆಲ್ವಿ ಬಾಗಿಲಿನಿಂದ ಒಳಗೆ ಬಂದು ಅತ್ತೆಯ ಬಾಯಿ ಒರೆಸಿದರು. ನಾನು ಪಕ್ಕದಲ್ಲೇ ನಿಂತು ಔಷಧಿ ಎಷ್ಟು ಉಳಿದಿದೆಯೆಂದು ನೋಡುತ್ತಿದ್ದೆ. ಇನ್ನೊಂದು ಪ್ರಯತ್ನಕ್ಕೆ ಮಾತ್ರ ಸಾಲುತ್ತಿತ್ತು. ಅಷ್ಟರಲ್ಲಿ ಅವರಿಬ್ಬರು ಮಾತಾಡಿಕೊಂಡರು. ತಮಿಳಿನಲ್ಲಲ್ಲ.

"ಅತ್ತೆ, ಮೇಲೆ ಡಾಕ್ಟರ್ ಕಾದ್ಕಂಡ್ ಇದಾರೆ. ಆ ಹೆಣ್ಣು ಹೇಳ್ದಂಗೆ ಮಾಡಿ."

"ಸುಮ್ಕಿರೇ. ನಾನ್ ಬೇಕಂತಲೇ ಊದ್ತಾ ಇವ್ನಿ. ಅದು ಅಣು ಗಾಳಿ. ವಾಸಲ್ನಾಗೆ ಮಂಜ ಬೋರ್ಡು ನೋಡ್ಲಿಲ್ವಾ, ಮೂರ್ ರೆಕ್ಕೆ ಹಾಕಿರಾದು? ಅದ್ನ ಎದೇಲಿ ಇಟ್ಕಂಡ್ ವಾರ್ಡಿಗೆ ಹೋಗಿ ನಿನ್ ಕೂಸ್ನ ಹೆಂಗೆ ಎತ್ಕಳಾದು? ನನ್ ಮಗ್ಗುಲಾಗೆ ಮಲಗ್ದೆ ಅದು ಕಣ್ ಮುಚ್ತದಾ?"

"ಹಂಗಾದ್ರೆ ಆ ಹೆಣ್ಣನ್ನೇ ಒಂದ್ ಮಾತ್ ಕೇಳಾದು ತಾನೆ?"

"ಅದನ್ನಾ? ಮುಖ ನೋಡು ಅದರದು. ನಗಾಕೂ ಕೂಲಿ ಕೇಳಂಗೈತೆ. ಕಟ್ಕಂಡೋನು ಪಾವಂ."

ವಾಸಲಿನ ಮಂಜ ಬೋರ್ಡು ಎಂದರೆ ನಮ್ಮ ಬಾಗಿಲಿನ ಹಳದಿ ವಿಕಿರಣ ಫಲಕ, ಪಾವಂ ಎಂದರೆ ಪಾಪ. ಬೋಡಿ, ಗೂಡಲೂರು, ಓಡೈಪಟ್ಟಿಗಳಿರುವ ನಮ್ಮ ಕಣಿವೆಯಲ್ಲಿ ಕನ್ನಡ ಮನೆಯೊಳಗಿನ ಮಾತು. ತಲೆತಲಾಂತರದಿಂದ ಇಲ್ಲಿ ನೆಲೆಸಿದ ನಮ್ಮ ಒಕ್ಕಲು ಮನೆಗಳವರು ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಕಡೆ ತಮಿಳಿನವರೇ. ಹೊರಗಿನವರ ಎದುರು ಗುಟ್ಟು ಹೇಳಬೇಕಾದಾಗ ಮಾತ್ರ ಅಲ್ಲಿ ಕನ್ನಡ ಹೊರಬರುತ್ತದೆ. ಸುತ್ತ ಯಾರಿಗೂ ತಿಳಿಯುವುದಿಲ್ಲವೆಂಬ ಭರವಸೆ ಎಷ್ಟು ಗಟ್ಟಿಯೆಂದರೆ, ಕೇಳುವವರ ಮೂಗಿನ ಕೆಳಗೇ ನಿಂತು ಅವರ ಮೂಗನ್ನು ಬೈಯುತ್ತಾರೆ. ನಮ್ಮಜ್ಜಿಯೂ ಹಾಗೆ ಮಾಡುತ್ತಿದ್ದರು.

ನಾನು ಕೆಲಸದ ಜಾಗದಲ್ಲಿ ಕನ್ನಡ ಆಡಿದವಳಲ್ಲ. ಓದಿದ್ದು ಕರ್ನಾಟಕದಲ್ಲಿ. ಲಿಪಿ ಕಲಿತದ್ದೂ ಅಲ್ಲಿಯೇ. ನನ್ನ ಮನೆಮಾತು ಕೇಳಿದ ಸಹಪಾಠಿಗಳು ಇದು ಯಾವ ಕಾಲದ ಕನ್ನಡ ಎಂದು ಕೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ. ಆದರೂ ನಾನು ಅದನ್ನು ಒಳಗಿಟ್ಟುಕೊಂಡೆ. ದಿಂಡಿಗಲ್ಲಿಗೆ ಬಂದ ಮೇಲೆ ಇನ್ನೊಂದು ಕಾರಣ ಸೇರಿತು. ನಮ್ಮವರ ಎದುರು ಒಂದು ವಾಕ್ಯ ಆಡಿದರೆ ಸಾಕು, ಅಪ್ಪ ಯಾರು, ಅಜ್ಜಿ ಯಾವೂರು, ಮದುವೆ ಯಾಕಾಗಿಲ್ಲ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ನನ್ನ ವಿಚಾರ ನನ್ನಲ್ಲೇ ಇರಲಿ ಎಂದು ಬಯಸುವವರಿಗೆ ತಮಿಳು ಒಳ್ಳೆಯ ಬಾಗಿಲು.

ಈಗ ಆ ಬಾಗಿಲು ತೆರೆಯದಿದ್ದರೆ ಸ್ಕ್ಯಾನ್ ಆಗುವುದಿಲ್ಲ.

"ಅವ್ವ," ಎಂದೆ. ನಮ್ಮಲ್ಲಿ ಅಜ್ಜಿಗೆ ಅವ್ವ ಅನ್ನುತ್ತೇವೆ. "ಕಟ್ಕಳೋನು ಇನ್ನೂ ಸಿಕ್ಕಿಲ್ಲ. ಕೂಸ್ನ ನಾಳೆ ಬೆಳಗ್ಗೆ ಎತ್ಕಳಬೌದು."

ಸೆಲ್ವಿ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿದರು. ಅವರ ಭುಜ ಕುಲುಕುತ್ತಿತ್ತು. ಬೊಮ್ಮಕ್ಕಾಳ್ ನಾಚಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ಹೊಸದಾಗಿ ನೋಡಿದರು.

"ಯಾರ್ ಮನೆ ಹೆಣ್ಣು ನೀನು?"

"ಬೋಡಿ."

"ಬೋಡಿ ದೊಡ್ಡ ಊರು. ನಿಮ್ಮವ್ವ ಎಲ್ಲಿಂದ ಬಂದೋಳು?"

"ಗೂಡಲೂರು."

"ಪೇರು?"

"ತಿಮ್ಮಕ್ಕಾಳ್."

"ಮೂಗ್ನಾಗೆ ಎಲ್ಡು ಕಡೆ ಮುಕ್ಕುತ್ತಿ? ಯಾರ್ ಎದ್ರು ನಿಂತ್ರೂ ಸೊಂಟದ ಮೇಲೆ ಕೈ?"

"ಹೂಂ, ಅವರೇ."

"ಅವಳು ನಂಗೆ ಅಕ್ಕ ಮುರೆ. ನೀ ನಂಗೆ ಪೇತ್ತಿ."

ಮುರೆ ಎಂದರೆ ನಂಟಿನ ವರಸೆ. ಪೇತ್ತಿ ಎಂದರೆ ಮೊಮ್ಮಗಳು. ಅರುಳ್ ಸಾರ್ ಗಾಜಿನಾಚೆಯಿಂದ ಕೈಯಾಡಿಸಿ ತಮಿಳಿನಲ್ಲಿ ಕೇಳಿದರು: "ಅಲ್ಲೇನಮ್ಮಾ ನಡೀತಿದೆ? ಔಷಧಿಯ ಶಕ್ತಿ ಇಳೀತಾ ಇದೆ."

"ಸಂಬಂಧ ಹುಡುಕ್ತಾ ಇದಾರೆ ಸಾರ್."

"ಸಿಕ್ಕಿತಾ?"

"ಸಿಕ್ಕಿತು ಸಾರ್."

ಬೊಮ್ಮಕ್ಕಾಳ್ ಇನ್ನೂ ಕೊಳವೆ ಹಿಡಿದಿರಲಿಲ್ಲ. ನಾನು ಅವರಿಗೆ ಕೂಸಿನ ವಿಷಯವನ್ನೇ ಮೊದಲು ಹೇಳಿದೆ. ಈ ಔಷಧಿಯ ಶಕ್ತಿ ಗಂಟೆ ಗಂಟೆಗೆ ಇಳಿಯುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಇವತ್ತೊಂದು ರಾತ್ರಿ ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಡಿ, ನಾಳೆಯಿಂದ ಎಂದಿನಂತೆ. ಬಟ್ಟೆ, ಪಾತ್ರೆ, ಹಾಸಿಗೆ ಯಾವುದನ್ನೂ ಬೇರೆ ಮಾಡಬೇಕಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

"ನೀ ದಿನಾ ಈ ರೂಮ್ನಾಗೇ ಇರ್ತೀಯಲ್ಲ?"

ಬ್ಯಾಡ್ಜು ತೋರಿಸಿದೆ. ಮಿತಿ ಮೀರಿದರೆ ಇದು ಹೇಳಿಬಿಡುತ್ತದೆ, ಇದುವರೆಗೆ ಹೇಳಿಲ್ಲ ಎಂದೆ. ಅವರಿಗೆ ಬ್ಯಾಡ್ಜಿನಲ್ಲಿ ಆಸಕ್ತಿ ಇರಲಿಲ್ಲ.

"ತಿಮ್ಮಕ್ಕ ಇಲ್ಲಿ ಕೂತಿದ್ರೂ ಎಳಿ ಅಂತೀಯಾ?"

"ಅಂತೀನಿ."

"ಅವಳು ಕೇಳ್ತಾಳಾ?"

"ಕೇಳಲ್ಲ. ಆದ್ರೂ ಅಂತೀನಿ."

ಅವರು ನಕ್ಕರು. ನಕ್ಕಾಗ ಉಸಿರು ಕಟ್ಟಿ ಕೆಮ್ಮು ಬಂತು, ತುಟಿಯ ಬಣ್ಣ ಇಳಿಯಿತು, ಸೆಲ್ವಿ ಓಡಿಬಂದು ಬೆನ್ನು ನೀವಿದರು. ಆಮೇಲೆ ತಾವೇ ಕೈ ಚಾಚಿ "ತಾ" ಎಂದರು.

ಊದಬಾರದು, ನುಂಗಲೂ ಬಾರದು. ಹೇಗೆ ಹೇಳುವುದು? ನಮ್ಮಜ್ಜಿಯನ್ನು ಆ ಕುರ್ಚಿಯಲ್ಲಿ ಊಹಿಸಿಕೊಂಡದ್ದರಿಂದಲೋ ಏನೋ, ಅವರ ಊಟ ನೆನಪಾಯಿತು. "ಅವ್ವ, ಹಸಿ ಮೆಣಸಿನಕಾಯಿ ಕಚ್ಚಿದ್ರೆ ಬಾಯಾಗೆ ಏನ್ ಮಾಡ್ತೀರಿ?"

"ಏನ್ ಮಾಡ್ತಾರೆ? ಸ್ಸ್... ಅಂತ ಎಳ್ಕಂತಾರೆ."

"ಅದೇ. ತುಟಿ ಬಿಡದಂಗೆ ಅದನ್ನೇ ಮಾಡಿ. ನಿಧಾನಕ್ಕೆ."

ಖಾಲಿ ಕೊಳವೆಯಲ್ಲಿ ಮಾಡಿ ತೋರಿಸಿದರು. ಸರಿಯಾಗಿತ್ತು. ಸೆಲ್ವಿಯನ್ನು ಹೊರಗೆ ಕಳಿಸಿ, ಕ್ಲಿಪ್ಪು ಹಾಕಿ, ಯಂತ್ರ ಶುರುಮಾಡಿದೆ. ಬೊಮ್ಮಕ್ಕಾಳ್ ಕಣ್ಣುಮುಚ್ಚಿ ಖಾರ ತಿಂದವರಂತೆ ಎಳೆಯತೊಡಗಿದರು. ಪರದೆಯ ಎಣಿಕೆ ಏರಿತು. ಅರುಳ್ ಸಾರ್ ಗಾಜಿನಾಚೆ ಎರಡೂ ಕೈ ಎತ್ತಿ ಮುಗಿದರು, ದೇವರಿಗೋ ಅಜ್ಜಿಗೋ ತಿಳಿಯಲಿಲ್ಲ.

ಗಾಳಿಯ ಚಿತ್ರ ಮುಗಿಸಿ ಚುಚ್ಚುಮದ್ದು ಕೊಟ್ಟೆ. ಕಲಿಯುವವರು ಗಮನಿಸಬೇಕು: ಈ ಔಷಧಿಯ ಕಣಗಳು ಸಿರಿಂಜಿನ ತಳಕ್ಕೆ ಇಳಿಯುತ್ತವೆ, ಕೊಡುವ ಮುನ್ನ ಮೆಲ್ಲಗೆ ಹೊರಳಿಸಬೇಕು. ರಕ್ತವನ್ನು ಸಿರಿಂಜಿನೊಳಕ್ಕೆ ಎಳೆಯಬಾರದು. ಎಳೆದರೆ ಅಲ್ಲೇ ಸಣ್ಣ ಹೆಪ್ಪುಗಳಾಗಿ ಚಿತ್ರದಲ್ಲಿ ಇಲ್ಲದ ಚುಕ್ಕೆಗಳು ಹೊಳೆಯುತ್ತವೆ. ರೋಗಿ ಮಲಗಿರಬೇಕು, ಕೆಮ್ಮಿ, ಒಂದೆರಡು ದೊಡ್ಡ ಉಸಿರು ತೆಗೆದುಕೊಳ್ಳಬೇಕು. ಬೊಮ್ಮಕ್ಕಾಳ್ ಎಲ್ಲವನ್ನೂ ಮಾಡಿದರು. ಕ್ಯಾಮೆರಾ ಸುತ್ತಲು ಶುರುವಾದ ಮೇಲೆ ಮಾತ್ರ ತೊಂದರೆಯಾಯಿತು.

"ಮದುರೆನಾಗೆ ನನ್ ತಂಗಿ ಮೊಮ್ಮಗ ಒಬ್ನು..."

"ಅವ್ವ, ಮಾತಾಡಿದ್ರೆ ಎದೆ ಅಲ್ಲಾಡ್ತದೆ. ಫೋಟೋ ಕೆಡ್ತದೆ."

ಬಾಯಿ ಮುಚ್ಚಿತು. ಕೈಗಳನ್ನು ತಲೆಯ ಮೇಲಕ್ಕೆ ಚಾಚಿ, ಸೊಂಟದ ನೋವನ್ನೂ ನುಂಗಿಕೊಂಡು, ಅಷ್ಟು ಹೊತ್ತು ಕಲ್ಲಿನಂತೆ ಮಲಗಿದ್ದರು. ಕ್ಯಾಮೆರಾ ನಿಂತು ನಾನು ಪಟ್ಟಿ ಬಿಚ್ಚಿದ ಕೂಡಲೇ, "...ಬ್ಯಾಂಕ್ನಾಗೆ ಇರಾದು, ಎತ್ತರ ಕೊಂಚ ಕಮ್ಮಿ" ಎಂದು ಮುಂದುವರಿಸಿದರು.

ನಮ್ಮ ವಿಭಾಗದ ವೈದ್ಯೆ ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಔಷಧಿ ತಲುಪದೆ ಕಪ್ಪು ಬಿದ್ದ ಜಾಗಗಳು ಇದ್ದವು. ಗಾಳಿಯ ಚಿತ್ರದಲ್ಲಿ ಎಲ್ಲೆಲ್ಲಿ ಇದ್ದವೋ ರಕ್ತದ ಚಿತ್ರದಲ್ಲೂ ಅಲ್ಲಲ್ಲೇ ಇದ್ದವು. ಬೇರೆಲ್ಲೂ ಇರಲಿಲ್ಲ. ಅವರು ಮತ್ತೊಮ್ಮೆ ನೋಡಿ, ಎಕ್ಸ್‌ರೇಯೊಂದಿಗೆ ಹೋಲಿಸಿ, ವಾರ್ಡಿಗೆ ಫೋನ್ ಮಾಡಲು ಎದ್ದರು. ನಾನು ಬೊಮ್ಮಕ್ಕಾಳರನ್ನು ಚಕ್ರದ ಕುರ್ಚಿಗೆ ಕೂರಿಸಲು ಕ್ಯಾಮೆರಾ ಕೋಣೆಗೆ ಹೋದೆ. ಕಾಲಿಗೆ ಹೊದಿಕೆ ಸರಿಮಾಡಿದೆ, ಡಾಕ್ಟರ್ ಹೇಳಿದಷ್ಟು ನೀರು ಕುಡಿಯಿರಿ, ಆಗಾಗ ಮೂತ್ರಕ್ಕೆ ಹೋಗಿ ಎಂದೆ.

ಅವರು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಸೆಲ್ವಿ, ಬಾ ಇಲ್ಲಿ. ಇದು ನಗ್ತಾ ಐತೆ. ನಂಗೆ ಏನೂ ಇಲ್ಲ."

ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಅರುಳ್ ಸಾರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ವರದಿ ಟೈಪ್ ಆಗೋ ಮೊದಲೇ ಹೊರಟುಹೋಯ್ತು" ಎಂದರು, ಅಷ್ಟೇ.

ಏನೂ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಹೆಪ್ಪಿನ ಗುರುತು ಇರಲಿಲ್ಲ, ರಕ್ತ ತೆಳುವಾಗಿಸುವ ಔಷಧಿ ಕೊಡಬೇಕಾಗಲಿಲ್ಲ. ಇದ್ದದ್ದು ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದು ಸೋತ ಶ್ವಾಸಕೋಶ, ಅದರ ಮೇಲೆ ಮಲಗಿದಲ್ಲೇ ಬಂದ ಸೋಂಕು. ಅದಕ್ಕೆ ಔಷಧಿ ಇತ್ತು. ಮನೆಗೆ ಕಳಿಸುವಾಗ ವೈದ್ಯರು ದಿನವೂ ಉಸಿರಿನೊಂದಿಗೆ ಎಳೆದುಕೊಳ್ಳುವ ಇನ್‌ಹೇಲರ್ ಬರೆದುಕೊಟ್ಟರು. ಮೊದಲ ಸಲಕ್ಕೇ ಇಷ್ಟು ಚೆನ್ನಾಗಿ ಎಳೆದವರನ್ನು ನೋಡಿಲ್ಲ ಎಂದು ವಾರ್ಡಿನ ನರ್ಸು ಹೇಳಿದರಂತೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆಂದು ಹೊರಟವಳು ನಮ್ಮ ವಿಭಾಗದ ಮುಂದಿನ ಬೆಂಚಿನ ಬಳಿ ನಿಂತೆ. ಬೊಮ್ಮಕ್ಕಾಳ್ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಮೂಳೆ ತೋರಿಸಲು ಬಂದವರು ಇತ್ತ ಬಂದಿದ್ದರು. ತೊಡೆಯ ಮೇಲೆ ಕೂಸು, ಅವರ ಇನ್‌ಹೇಲರಿನ ಮುಚ್ಚಳವನ್ನು ಕಚ್ಚುತ್ತಿತ್ತು. ಎದುರಿಗೆ ನಮ್ಮ ಆ ಮಧ್ಯಾಹ್ನದ ರೋಗಿ, ದೊಡ್ಡ ಮೀಸೆಯ ಗಟ್ಟಿ ಆಳು, ತನ್ನ ಮೂಗನ್ನು ತಾನೇ ಹಿಡಿದುಕೊಂಡು ಸ್ಸ್ ಎಂದು ಅಭ್ಯಾಸ ಮಾಡುತ್ತಿದ್ದರು.

"ಹಾಗಲ್ಲ, ಖಾರ ಸಾಲದು, ಇನ್ನೂ ಎರಡು ಮೆಣಸಿನಕಾಯಿ ಕಚ್ಚಪ್ಪಾ" ಎಂದು ಬೊಮ್ಮಕ್ಕಾಳ್ ತಮಿಳಿನಲ್ಲಿ ಗದರುತ್ತಿದ್ದರು. ಆಮೇಲೆ ನನ್ನನ್ನು ಕಂಡು, ಕೂಸನ್ನು ಎತ್ತಿ ನನ್ನ ಕೈಗೆ ಹಾಕಿ, ಕಾರಿಡಾರಿನ ತುಂಬ ಕೇಳುವಂತೆ ಕನ್ನಡದಲ್ಲಿ ಹೇಳಿದರು: "ಒಸಿ ನಗು ತಾಯಿ. ಆ ಮನ್ಸ ನಿನ್ ಮುಖ ನೋಡಿ ಪಯ ಬಿದ್ದವ್ನೆ."

ಆ ಮೀಸೆಯವರ ಸ್ಕ್ಯಾನ್ ಇನ್ನೂ ಆಗಿರಲಿಲ್ಲ. ಮುಖದ ಮೇಲೆ ಬರೆಯಲು ಯಾವ ವರದಿಯೂ ಇರಲಿಲ್ಲ. ಆದ್ದರಿಂದ ನಕ್ಕೆ.